ದೇವರ ರಾಜ್ಯ ಒಳಗಿದ್ದರೆ ಸಿಟ್ಟು ಯಾಕೆ?

ಪ್ರಶ್ನೆ: ನಾವು ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನವರು, ಮೆಥೋಡಿಸ್ಟ್ ಸಭೆಯವರು. ದೇವರ ರಾಜ್ಯ ಈಗಲೇ ನಿಮ್ಮೊಳಗಿದೆ ಅಂತ ಪಾಸ್ಟರ್ ಹೇಳುತ್ತಾರೆ. ನನ್ನೊಳಗೆ ನೋಡಿದರೆ ಬರೀ ಸಿಟ್ಟು ಕಾಣುತ್ತದೆ. ಹೋದ ಭಾನುವಾರ ಆರಾಧನೆ ಮುಗಿಸಿ ಬಂದವಳೇ ರೊಟ್ಟಿ ಸೀದಿದೆ ಅಂತ ಸೊಸೆ ಮೇಲೆ ಕೂಗಾಡಿದೆ. ಅವಳು ಮಧ್ಯಾಹ್ನ ಉಣ್ಣಲೇ ಇಲ್ಲ. ಯೇಸುಸ್ವಾಮಿ ಮತ್ತೆ ಬಂದಾಗಲೇ ರಾಜ್ಯ ಬರೋದು, ಅಲ್ಲಿವರೆಗೆ ಕಾಯಬೇಕು ಅನ್ನುತ್ತಾರೆ ಯಜಮಾನರು. ಅದೇ ಸರಿಯಾ?

ಉತ್ತರ: ಅಕ್ಕಾ, ಯಜಮಾನರದ್ದು ಪೂರ್ತಿ ತಪ್ಪಲ್ಲ. ‘ನಿನ್ನ ರಾಜ್ಯವು ಬರಲಿ’ ಅಂತ ದಿನಾ ಬೇಡುತ್ತೇವಲ್ಲ, ಎಲ್ಲ ಬಂದಾಗಿದ್ದರೆ ಬೇಡುವ ಕೆಲಸವೇ ಇರಲಿಲ್ಲ.

ಪಾಸ್ಟರ್ ಹೇಳಿದ್ದು ಬೈಬಲಿನ ಲೂಕ ಸುವಾರ್ತೆ 17ನೇ ಅಧ್ಯಾಯದ ಮಾತು. ರಾಜ್ಯ ಯಾವಾಗ ಬರುತ್ತದೆ ಅಂತ ಫರಿಸಾಯರು, ಅಂದರೆ ಧರ್ಮಶಾಸ್ತ್ರ ಬಿಗಿಯಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರು, ಕೇಳಿದಾಗ, ಇಗೋ ಇಲ್ಲಿದೆ ಅಗೋ ಅಲ್ಲಿದೆ ಅಂತ ತೋರಿಸುವಂಥದ್ದಲ್ಲ, ಅದು ನಿಮ್ಮಲ್ಲೇ ಇದೆ ಅಂದರು ಯೇಸುಸ್ವಾಮಿ. ಅಲ್ಲಿರುವ ಗ್ರೀಕ್ ಪದ ‘ಎಂಟೋಸ್’. ನಿಮ್ಮೊಳಗೆ ಅಂತ ಕೆಲವರು, ನಿಮ್ಮ ನಡುವೆ ಅಂತ ಕೆಲವರು. ಪಂಡಿತರ ವಾದ ಇನ್ನೂ ಮುಗಿದಿಲ್ಲ. ನಮ್ಮ ಕನ್ನಡಕ್ಕೆ ಆ ತಾಪತ್ರಯವೇ ಇಲ್ಲ ನೋಡಿ. ‘ನಿಮ್ಮಲ್ಲಿ ಧೈರ್ಯ ಇದೆ’ ಅಂದರೆ ಎದೆಯೊಳಗೆ, ‘ನಿಮ್ಮಲ್ಲಿ ಯಾರು ದೊಡ್ಡವರು’ ಅಂದರೆ ನಿಮ್ಮ ನಡುವೆ. ಎರಡನ್ನೂ ಹಿಡಿದುಕೊಳ್ಳಿ. ಬರೀ ಎದೆಯೊಳಗೆ ಅಂದುಕೊಂಡರೆ ರಾಜ್ಯ ಅನ್ನೋದು ಪ್ರಾರ್ಥನೆ ಹೊತ್ತಿನ ನೆಮ್ಮದಿ ಅಷ್ಟೇ ಆಗಿಬಿಡುತ್ತದೆ, ಒಲೆ ಮುಂದೆ ನಿಮಗೂ ಸೊಸೆಗೂ ನಡುವೆ ಅದಕ್ಕೆ ಜಾಗವೇ ಇರೋದಿಲ್ಲ.

ಆ ಕಾಲದ ರೋಮ್ ಪಟ್ಟಣದ ಕ್ರೈಸ್ತ ಸಭೆಯ ಜಗಳವೂ ಊಟದ್ದೇ, ಗೊತ್ತಾ? ಕೆಲವರು ಎಲ್ಲ ತಿನ್ನುತ್ತಿದ್ದರು, ಕೆಲವರು ಬರೀ ಕಾಯಿಪಲ್ಲೆ. ಒಬ್ಬರನ್ನು ಕಂಡರೆ ಒಬ್ಬರಿಗೆ ತಾತ್ಸಾರ. ಅವರಿಗೇ ಅಪೊಸ್ತಲ ಪೌಲ ಪತ್ರದಲ್ಲಿ ಬರೆದದ್ದು: ದೇವರ ರಾಜ್ಯ ತಿನ್ನೋದು ಕುಡಿಯೋದು ಅಲ್ಲ, ನೀತಿ, ಸಮಾಧಾನ, ಪವಿತ್ರಾತ್ಮನಿಂದಾಗುವ ಆನಂದ.

ಹಾಗಾದರೆ ಸಿಟ್ಟು ಯಾಕಿದೆ? ಮಾರ್ಕ 4ರಲ್ಲಿ ಬೀಜದ ಸಾಮ್ಯ ಇದೆ, ದೇವರ ರಾಜ್ಯವನ್ನು ಬಿತ್ತಿದ ಬೀಜಕ್ಕೆ ಹೋಲಿಸಿ ಯೇಸುಸ್ವಾಮಿ ಹೇಳಿದ ಕಥೆ. ಬಿತ್ತಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ, ಬೀಜ ಹೇಗೆ ಬೆಳೆಯಿತು ಅಂತ ಅವನಿಗೇ ತಿಳಿಯದು. ನಮ್ಮ ಹಿಂಗಾರಿ ಜೋಳ ನೆನೆಸಿಕೊಳ್ಳಿ. ಮಳೆ ಹಿಂದೆ ಸರಿದ ಮೇಲೆ ಬಿತ್ತುತ್ತೇವೆ, ಆಮೇಲೆ ಜಾಸ್ತಿ ಮಳೆ ಬರೋದಿಲ್ಲ, ಕಪ್ಪು ಮಣ್ಣು ಒಳಗೆ ಹಿಡಿದಿಟ್ಟ ಹಸಿಯಲ್ಲೇ ಅದು ಬೆಳೆಯಬೇಕು. ಜೊತೆಗೆ ಕಸವೂ ಏಳುತ್ತದೆ. ಕಸ ಕಂಡು ಬೆಳೆಯೇ ಇಲ್ಲ ಅನ್ನುತ್ತೀರಾ? ಎಡೆ ಹೊಡೆದು ಕಸ ತೆಗೆಯುತ್ತೀರಿ, ಅಲ್ವಾ?

ಸೊಸೆ ಉಣ್ಣಲಿಲ್ಲ ಅನ್ನೋದು ನಿಮ್ಮನ್ನು ಇನ್ನೂ ಚುಚ್ಚುತ್ತಿದೆ. ನನಗೆ ಅದೇ ಹಸಿ ಕಾಣುತ್ತದೆ. ಇವತ್ತು ಸಂಜೆ ರೊಟ್ಟಿ ನೀವೇ ಬಡಿಯಿರಿ. ತಪ್ಪಾಯ್ತು ಅಂತ ಒಂದು ಮಾತು ಹೇಳಿ ಅವಳಿಗೆ ಮೊದಲು ಬಡಿಸಿ. ಯಜಮಾನರು ಸ್ವಲ್ಪ ಕಾಯಲಿ, ಅವರಿಗೆ ಹೇಗೂ ಕಾದು ರೂಢಿ ಇದೆ.