ಗೊಣಗಿದವರಿಗೆ ಏನಾಯ್ತು ಅಂತ ನೋಡಿ

ಓದುಗರ ಪತ್ರ: ಹೊಸ ಊರಿಗೆ ಬಂದು ಆರು ತಿಂಗಳಾಯಿತು. ಮೂರು ಚರ್ಚುಗಳಿಗೆ ಹೋಗಿ ನೋಡಿದೆ. ಒಂದರಲ್ಲಿ ಹಾಡುಗಾರಿಕೆ ಅದ್ಭುತ. ಇನ್ನೊಂದರಲ್ಲಿ ಪಾಸ್ಟರ್ ಪ್ರಸಂಗಕ್ಕೆ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಮೂರನೆಯದು ಚಿಕ್ಕದು, ಪ್ರಸಂಗವೂ ಸುಮಾರು. ಸಾಲದ್ದಕ್ಕೆ ಕಾಣಿಕೆ ಹಣದ ವಿಷಯಕ್ಕೆ ಅವರವರಲ್ಲೇ ಮಾತಿಗೆ ಮಾತು ಬೆಳೆಯಿತು. ಒಳ್ಳೆಯ ಸಭೆ ಯಾವುದು ಅಂತ ತಿಳಿಯುವುದು ಹೇಗೆ?

ಸಂಪಾದಕರ ಉತ್ತರ:

ಮೂರನೇ ಚರ್ಚನ್ನು ನೀವು ಸ್ವಲ್ಪ ಮೂಗು ಮುರಿದೇ ಬರೆದಿದ್ದೀರಿ, ಅಲ್ವಾ? ನನಗೆ ಅದರ ಬಗ್ಗೆಯೇ ಜಾಸ್ತಿ ಕುತೂಹಲ.

ಸಭೆ ಅಂದರೇನು ಅನ್ನುವುದಕ್ಕೆ ಹಳೆಯ ಉತ್ತರಗಳಿವೆ. 1530ರ ಔಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯಲ್ಲಿ ಲೂಥರನ್ ಪಂಗಡದವರು ಎರಡೇ ಗುರುತು ಹೇಳಿದರು: ಸುವಾರ್ತೆಯನ್ನು ಸರಿಯಾಗಿ ಬೋಧಿಸಬೇಕು, ದೀಕ್ಷಾಸ್ನಾನ, ಪ್ರಭುಭೋಜನದಂಥ ಸಂಸ್ಕಾರಗಳನ್ನು ಸರಿಯಾಗಿ ನಡೆಸಬೇಕು. ಇದು ಬುನಾದಿ, ಒಪ್ಪೋಣ. ಆದರೆ ಈ ಎರಡೂ ಇದ್ದು ಒಳಗೆ ಉಸಿರು ಕಟ್ಟುವ ಸಭೆಗಳನ್ನು ನಾನು ಕಂಡಿದ್ದೇನೆ.

ಯೆರೂಸಲೇಮಿನ ಮೊದಲ ಸಭೆಯನ್ನೇ ನೋಡಿ. ಎಲ್ಲರೂ ಒಂದೇ ಮನಸ್ಸಿನಿಂದ ರೊಟ್ಟಿ ಮುರಿಯುತ್ತಿದ್ದರು ಅಂತ ಓದಿ, ಬೈಬಲಿನ ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯಕ್ಕೇ ನಾವು ಪುಸ್ತಕ ಮುಚ್ಚಿಬಿಡುತ್ತೇವೆ. ಆರನೇ ಅಧ್ಯಾಯಕ್ಕೆ ಬನ್ನಿ, ಗೊಣಗಾಟ ಶುರುವಾಗಿದೆ. ದಿನಾ ಊಟ ಹಂಚುವಾಗ ಗ್ರೀಕ್ ಮಾತಾಡುವವರ ಕಡೆಯ ವಿಧವೆಯರನ್ನು ಬಿಟ್ಟುಬಿಡುತ್ತಿದ್ದಾರೆ ಅಂತ ದೂರು. ಸಭೆಯ ಮುಂದಾಳುಗಳಾದ ಅಪೊಸ್ತಲರು ‘ನಮಗೇ ಎದುರು ಮಾತಾಡ್ತೀರಾ’ ಅನ್ನಲಿಲ್ಲ. ‘ಪ್ರಾರ್ಥನೆ ಮಾಡಿ, ಸರಿಹೋಗುತ್ತೆ’ ಅಂತ ಸಾಗಹಾಕಲೂ ಇಲ್ಲ. ಎಲ್ಲರನ್ನೂ ಕರೆದು, ಈ ಕೆಲಸಕ್ಕೆ ಏಳು ಜನರನ್ನು ನೀವೇ ಆರಿಸಿ ಅಂದರು. ಆ ಹೆಸರುಗಳನ್ನು ಒಮ್ಮೆ ನಿಧಾನವಾಗಿ ಓದಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು! ಹೆಸರು ನೋಡಿದರೆ, ಯಾರಿಗೆ ತಟ್ಟೆ ತಲುಪಿರಲಿಲ್ಲವೋ ಅವರ ಕಡೆಯವರ ಕೈಗೇ ಬಡಿಸುವ ಸೌಟು ಹೋಯಿತು.

ಹಣದ ಮಾತು ಬಂದರೆ ಭಕ್ತಿ ಕೆಡುತ್ತದೆ ಅನ್ನುವವರಿದ್ದಾರೆ. ಅಪೊಸ್ತಲ ಪೌಲನಿಗೆ ಹಾಗನ್ನಿಸಲಿಲ್ಲ. ಬಡವರಿಗೆಂದು ಕೂಡಿಸಿದ ಹಣವನ್ನು ಅವನು ತಾನೊಬ್ಬನೇ ಒಯ್ಯಲಿಲ್ಲ, ಸಭೆಗಳೇ ನೇಮಿಸಿದವನನ್ನು ಜೊತೆಗೆ ಇಟ್ಟುಕೊಂಡ. ಕರ್ತನ ಎದುರಿಗಷ್ಟೇ ಅಲ್ಲ, ಮನುಷ್ಯರ ಎದುರಿಗೂ ಸರಿಯಾಗಿರಬೇಕು ಅಂತ ಕೊರಿಂಥದವರಿಗೆ ಬರೆದ. ನಾನೊಮ್ಮೆ ಒಂದು ಚರ್ಚಿನಲ್ಲಿ ಸುಮ್ನೆ ವರ್ಷದ ಲೆಕ್ಕ ಕೇಳಿದೆ. ‘ನಿಮ್ಮ ನಂಬಿಕೆ ಕಡಿಮೆಯಾಗಿದೆ’ ಅಂದರು. ಮುಂದಿನ ವಾರದಿಂದ ಯಾರೂ ನನ್ನ ಕೈ ಕುಲುಕಲಿಲ್ಲ.

ಇನ್ನೊಂದು ಚರ್ಚು ನೆನಪಾಗುತ್ತದೆ. ಆರಾಧನೆ ಅರ್ಧ ಮುಗಿದಿತ್ತು. ಬೆವರಿದ ಕೆಲಸದ ಬಟ್ಟೆಯಲ್ಲೇ ಒಬ್ಬ ಮುದುಕ ಬಂದು ಬಾಗಿಲಲ್ಲೇ ನಿಂತ. ಮುಂದಿನ ಬೆಂಚಿನ ಹೆಂಗಸು ತಿರುಗಿ ನೋಡಿ ಸರಿದು ಕೂತಳು, ತನ್ನ ಹಾಡಿನ ಪುಸ್ತಕದಲ್ಲಿ ಆ ಪುಟ ತೆರೆದು ಪುಸ್ತಕವನ್ನೇ ಅವನ ಕೈಗಿಟ್ಟಳು. ಆಮೇಲೆ ತಾನು ಬಾಯಿಪಾಠದಲ್ಲಿ ಹಾಡಿದಳು, ಎರಡು ಕಡೆ ತಪ್ಪಿದಳು. ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಬಡವನಿಗೆ ಕಾಲ ಬಳಿ ಜಾಗ ಕೊಡುವವರನ್ನು ಯಾಕೋಬ ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನಲ್ಲ, ಆ ದಿನ ಅಲ್ಲಿ ಅವನಿಗೆ ಕೆಲಸವೇ ಇರಲಿಲ್ಲ. ಆವತ್ತಿನ ಪ್ರಸಂಗ ಏನಿತ್ತೋ ನನಗೆ ನೆನಪಿಲ್ಲ.

ಹಾಗಂತ ಹಾಡು, ಪ್ರಸಂಗ ಬೇಡ ಅಂತಲ್ಲ. ಒಳ್ಳೆಯ ಪ್ರಸಂಗ ಕೇಳಿದ ಮೇಲೂ ಪೌಲನ ಮಾತನ್ನೂ ಶಾಸ್ತ್ರಕ್ಕೆ ಹೋಲಿಸಿ ನೋಡಿದ ಬೆರೋಯ ಊರಿನವರ ಹಾಗೆ ಮನೆಗೆ ಹೋಗಿ ಬೈಬಲಿನ ವಾಕ್ಯ ತೆಗೆದು ನೋಡಿ. ಅನುಮಾನ ಬಂದರೆ ಪಾಸ್ಟರನ್ನೇ ಕೇಳಿ. ಅವರ ಮುಖ ಹೇಗಾಗುತ್ತದೆ ಅನ್ನುವುದನ್ನೂ ಗಮನಿಸಿ.

ಮೂರನೇ ಚರ್ಚಿಗೆ ಇನ್ನೆರಡು ಭಾನುವಾರ ಹೋಗಿ. ಆ ಹಣದ ಜಗಳ ಏನಾಯ್ತು? ಲೆಕ್ಕ ತೋರಿಸಿದರಾ? ದನಿ ಎತ್ತಿದವರು ಈಗಲೂ ಬಂದು ಕೂರುತ್ತಿದ್ದಾರಾ? ಗೊತ್ತಾದರೆ ನನಗೂ ಒಂದು ಸಾಲು ಬರೆಯಿರಿ.