ಗೂಗಲ್ ಶೀಟ್ಸ್‌ನಿಂದ ಎಕ್ಸೆಲ್‌ಗೆ ಇಳಿಸಿ ಮತ್ತೆ ಮೇಲೆ ಹಾಕುವಾಗ ದಿನಾಂಕ, ಸೊನ್ನೆ, ಫಾರ್ಮುಲಾ ಕೆಡದಿರಲು ಏನು ಮಾಡಬೇಕು?

ತಂಡದವರೆಲ್ಲ ಗೂಗಲ್ ಶೀಟ್ಸ್‌ನಲ್ಲಿ ತುಂಬುವ ಫೈಲನ್ನು ನೀವು ಸಿಎಸ್‌ವಿ ಮಾಡಿ ಇಳಿಸಿಕೊಳ್ಳುತ್ತೀರಿ, ಕೆಲವೊಮ್ಮೆ ಎಕ್ಸೆಲ್ ಫೈಲಾಗಿಯೂ. ಅದನ್ನು ಎಕ್ಸೆಲ್‌ನಲ್ಲಿ ತಿದ್ದಿ ಮತ್ತೆ ಮೇಲೆ ಹಾಕುತ್ತೀರಿ. ಕೆಲವು ದಿನಾಂಕಗಳು ಅದಲುಬದಲಾಗುತ್ತವೆ, ಕೋಡ್‌ಗಳ ಮುಂದಿನ ಸೊನ್ನೆ ಮಾಯವಾಗುತ್ತದೆ, ಕೆಲವು ಫಾರ್ಮುಲಾಗಳು ಹಳೆಯ ಉತ್ತರವನ್ನೇ ತೋರಿಸುತ್ತವೆ ಎಂದು ಕೇಳಿದ್ದೀರಿ. ಮೊದಲೆರಡಕ್ಕೆ ಕಾರಣ ಸಿಎಸ್‌ವಿ. ಮೂರನೆಯದಕ್ಕೆ ಕಾರಣ ಎಕ್ಸೆಲ್‌ನಲ್ಲಿ ಇಲ್ಲದ ಫಂಕ್ಷನ್‌ಗಳು.

ಸಿಎಸ್‌ವಿಯಲ್ಲಿ ಇರುವುದು ಬರೀ ಅಕ್ಷರ ಮತ್ತು ಅಲ್ಪವಿರಾಮ. ಯಾವ ಕಾಲಂ ದಿನಾಂಕ, ಯಾವುದು ಪಠ್ಯ ಎಂಬ ಮಾಹಿತಿ ಅದರಲ್ಲಿಲ್ಲ, ತೆರೆಯುವ ಪ್ರೋಗ್ರಾಂ ತಾನೇ ಊಹಿಸಿಕೊಳ್ಳುತ್ತದೆ. ತೆರೆದಿರುವ ಒಂದು ಶೀಟ್ ಮಾತ್ರ ಇಳಿಯುತ್ತದೆ. ಫಾರ್ಮುಲಾ ಬರುವುದಿಲ್ಲ, ಉತ್ತರ ಮಾತ್ರ ಬರುತ್ತದೆ, ಅದೂ ಪರದೆಯ ಮೇಲೆ ಕಾಣುವ ರೂಪದಲ್ಲಿ. ಸೆಲ್‌ನಲ್ಲಿ 12.3456 ಇದ್ದು ನೀವು ಎರಡು ದಶಮಾಂಶ ತೋರುವಂತೆ ಇಟ್ಟಿದ್ದರೆ ಸಿಎಸ್‌ವಿಗೆ ಹೋಗುವುದು 12.35. ಇದನ್ನು ಬಹಳ ಜನ ಗಮನಿಸುವುದಿಲ್ಲ, ಆಮೇಲೆ ಮೊತ್ತದಲ್ಲಿ ಸಣ್ಣ ವ್ಯತ್ಯಾಸ ಬಂದಾಗ ತಲೆ ಕೆಡಿಸಿಕೊಳ್ಳುತ್ತಾರೆ.

ಹಾಗಾಗಿ ಸ್ಪ್ರೆಡ್‌ಶೀಟ್‌ನಿಂದ ಸ್ಪ್ರೆಡ್‌ಶೀಟ್‌ಗೆ ಸಾಗಿಸುವಾಗ ಸಿಎಸ್‌ವಿ ಬೇಡ. ಫೈಲ್ ಮೆನು, ಡೌನ್‌ಲೋಡ್, ಮೈಕ್ರೋಸಾಫ್ಟ್ ಎಕ್ಸೆಲ್ ಎಂದು ಆರಿಸಿ. ಹೀಗೆ ಇಳಿಯುವ ಎಕ್ಸ್‌ಎಲ್‌ಎಸ್‌ಎಕ್ಸ್ (ಎಕ್ಸೆಲ್‌ನ ಸ್ವಂತ ರೂಪದ) ಫೈಲಿನಲ್ಲಿ ಎಲ್ಲ ಶೀಟ್‌ಗಳೂ ಇರುತ್ತವೆ, ದಿನಾಂಕ ಸಂಖ್ಯೆಯಾಗಿಯೇ ಹೋಗುತ್ತದೆ, ಪಠ್ಯವೆಂದು ಗುರುತಾದ ಸೆಲ್ ಪಠ್ಯವಾಗಿಯೇ ಉಳಿಯುತ್ತದೆ. ಇಳಿಸಿದ ಫೈಲ್ ಎಕ್ಸೆಲ್‌ನಲ್ಲಿ ಪ್ರೊಟೆಕ್ಟೆಡ್ ವ್ಯೂ (ತಿದ್ದಲು ಬಿಡದ, ಬರೀ ಓದುವ ನೋಟ) ಆಗಿ ತೆರೆದರೆ ಎನೇಬಲ್ ಎಡಿಟಿಂಗ್ ಒತ್ತಿದ ಮೇಲೆಯೇ ಉತ್ತರಗಳನ್ನು ನಂಬಿ.

ದಿನಾಂಕದ ತೊಂದರೆಗೆ ಇನ್ನೊಂದು ಮೂಲ, ಶೀಟ್ಸ್ ಫೈಲಿನ ಲೊಕೇಲ್, ಅಂದರೆ ಯಾವ ದೇಶದ ರೂಢಿಯಂತೆ ದಿನಾಂಕ ಓದಬೇಕು ಎಂಬ ಸೆಟ್ಟಿಂಗ್. ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಅದು ಅಮೆರಿಕ ಎಂದಿದ್ದರೆ, ಏಪ್ರಿಲ್ 5 ಎಂದುಕೊಂಡು ನೀವು ಹೊಡೆದ 05/04/2024 ಮೇ 4 ಆಗುತ್ತದೆ. 25/04/2024 ಎಂದು ಹೊಡೆದರೆ 25ನೇ ತಿಂಗಳು ಇಲ್ಲವಾದ್ದರಿಂದ ಅದು ದಿನಾಂಕವೇ ಆಗದೆ ಪಠ್ಯವಾಗಿ ಕೂರುತ್ತದೆ. ಒಂದೇ ಕಾಲಂನಲ್ಲಿ 12ರವರೆಗಿನ ತಾರೀಖುಗಳು ತಿರುಗಿ, ಉಳಿದವು ಎಡಕ್ಕೆ ಅಂಟಿಕೊಂಡಿದ್ದರೆ ಕಾರಣ ಇದೇ. ಅನುಮಾನ ಬಂದ ಸೆಲ್‌ನ ಫಾರ್ಮ್ಯಾಟನ್ನು ನಂಬರ್‌ಗೆ ಬದಲಾಯಿಸಿ ನೋಡಿ: 45387 ಬಂದರೆ ಅದು 2024ರ ಏಪ್ರಿಲ್ 5, 45416 ಬಂದರೆ ಮೇ 4, ಏನೂ ಬದಲಾಗದಿದ್ದರೆ ಅದು ಪಠ್ಯ. ಲೊಕೇಲ್ ಸರಿಮಾಡುವುದರಿಂದ ಮುಂದೆ ಹೊಡೆಯುವುದು ಸರಿಯಾಗುತ್ತದೆ, ಈಗಾಗಲೇ ತಿರುಗಿ ಕೂತದ್ದು ಸರಿಯಾಗುವುದಿಲ್ಲ. ಅದನ್ನು ನೀವೇ ತಿದ್ದಬೇಕು. ಸಿಎಸ್‌ವಿ ಬಳಸಲೇಬೇಕಾದ ಸಂದರ್ಭದಲ್ಲಿ ದಿನಾಂಕದ ಕಾಲಂ ಅನ್ನು ಮೊದಲು 2024-04-05 ರೂಪಕ್ಕೆ, ಅಂದರೆ ವರ್ಷ-ತಿಂಗಳು-ದಿನಕ್ಕೆ ತಂದು ಆಮೇಲೆ ಇಳಿಸಿ. ಆ ರೂಪದಲ್ಲಿ ದಿನ ಯಾವುದು, ತಿಂಗಳು ಯಾವುದು ಎಂಬ ಗೊಂದಲ ಇರುವುದಿಲ್ಲ.

ಸೊನ್ನೆ ಮತ್ತು ಉದ್ದದ ಸಂಖ್ಯೆಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 00427 ಎಂಬ ಕೋಡ್ ಸಂಖ್ಯೆಯಾದರೆ 427 ಆಗುತ್ತದೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಹಿಡಿದಿಡುತ್ತದೆ. 16 ಅಂಕಿಯ ಖಾತೆ ಸಂಖ್ಯೆಯೊಂದು ಸಂಖ್ಯೆಯಾಗಿ ಒಳಗೆ ಬಂದರೆ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಹಲವೊಮ್ಮೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಸೇವ್ ಮಾಡಿದ ಮೇಲೆ ಫಾರ್ಮ್ಯಾಟ್ ಬದಲಾಯಿಸಿದರೂ ಕಳೆದುಹೋದ ಅಂಕಿ ಮರಳುವುದಿಲ್ಲ. ಆದ್ದರಿಂದ ಕೂಡಿ ಕಳೆಯುವ ಅಗತ್ಯವಿಲ್ಲದ ಕೋಡ್, ಫೋನ್, ಖಾತೆ ಸಂಖ್ಯೆಗಳ ಕಾಲಂಗೆ ಶೀಟ್ಸ್‌ನಲ್ಲಿ ಫಾರ್ಮ್ಯಾಟ್, ನಂಬರ್, ಪ್ಲೇನ್ ಟೆಕ್ಸ್ಟ್ ಎಂದು ತುಂಬುವುದಕ್ಕೆ ಮೊದಲೇ ಇಟ್ಟುಬಿಡಿ.

ಬೇರೆಯವರು ಕಳಿಸಿದ್ದೇ ಸಿಎಸ್‌ವಿ ಆಗಿದ್ದರೆ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನಲ್ಲಿ ಖಾಲಿ ವರ್ಕ್‌ಬುಕ್ ತೆರೆದು ಡೇಟಾ ಟ್ಯಾಬ್‌ನ ಫ್ರಂ ಟೆಕ್ಸ್ಟ್/ಸಿಎಸ್‌ವಿ ಮೂಲಕ ತನ್ನಿ. ಫೈಲ್ ಆರಿಜಿನ್‌ನಲ್ಲಿ 65001 ಯೂನಿಕೋಡ್ (ಯುಟಿಎಫ್-8) ಆರಿಸಿದರೆ ಕನ್ನಡ ಅಕ್ಷರಗಳು ಚೆಲ್ಲಾಪಿಲ್ಲಿಯಾಗುವುದಿಲ್ಲ. ಲೋಡ್ ಬದಲು ಟ್ರಾನ್ಸ್‌ಫಾರ್ಮ್ ಡೇಟಾ ಒತ್ತಿ. ಬಲಗಡೆಯ ಹಂತಗಳ ಪಟ್ಟಿಯಲ್ಲಿ ಚೇಂಜ್ಡ್ ಟೈಪ್ ಇರುತ್ತದೆ, ಊಹೆಯ ಕೆಲಸ ನಡೆದಿರುವುದು ಅಲ್ಲೇ. ಅದನ್ನು ಅಳಿಸಿ, ಬೇಕಾದ ಕಾಲಂಗಳಿಗೆ ಮಾತ್ರ ನೀವೇ ಟೈಪ್ ಕೊಡಿ. ಶೀಟ್ಸ್‌ಗೆ ತರುವಾಗ ಇಂಪೋರ್ಟ್ ಕಿಟಕಿಯಲ್ಲಿ ಪಠ್ಯವನ್ನು ಸಂಖ್ಯೆ, ದಿನಾಂಕ, ಫಾರ್ಮುಲಾ ಆಗಿ ಬದಲಾಯಿಸು ಎಂಬ ಟಿಕ್ ತೆಗೆಯಿರಿ. ಲಿಬ್ರೆಆಫೀಸ್ ಕ್ಯಾಲ್ಕ್‌ನವರಿಗೆ ಇದು ಸುಲಭ: ತೆರೆಯುವಾಗಲೇ ಬರುವ ಕಿಟಕಿಯಲ್ಲಿ ಕಾಲಂ ಮೇಲೆ ಒತ್ತಿ ಟೆಕ್ಸ್ಟ್ ಎಂದು ಆರಿಸಿದರಾಯಿತು.

ಈಗ ಫಾರ್ಮುಲಾ. ಕೂಡುವ, ಹುಡುಕುವ ಸಾಮಾನ್ಯ ಫಂಕ್ಷನ್‌ಗಳಿಗೆ ಏನೂ ಆಗುವುದಿಲ್ಲ. ಕ್ವೆರಿ (ಡೇಟಾ ಆಯ್ದು ಜೋಡಿಸುವುದು), ಇಂಪೋರ್ಟ್‌ರೇಂಜ್ (ಬೇರೆ ಶೀಟ್ಸ್ ಫೈಲಿನಿಂದ ಡೇಟಾ ತರುವುದು), ಗೂಗಲ್‌ಫೈನಾನ್ಸ್ (ಷೇರು ಬೆಲೆ ತರುವುದು) ಇಂಥವು ಎಕ್ಸೆಲ್‌ನಲ್ಲಿ ಇಲ್ಲ. ಇಳಿಸುವಾಗ ಗೂಗಲ್ ಅವುಗಳನ್ನು ಒಂದು ಇಫ್‌ಎರರ್ (ಎರರ್ ಬಂದರೆ ಬದಲಿ ಉತ್ತರ ತೋರಿಸುವ ಫಂಕ್ಷನ್) ಒಳಗೆ ಡಮ್ಮಿಫಂಕ್ಷನ್ ಎಂಬ ಹೆಸರಿನಲ್ಲಿ ಸುತ್ತಿ, ಪಕ್ಕದಲ್ಲಿ ಆ ಕ್ಷಣದ ಉತ್ತರವನ್ನು ಇಡುತ್ತದೆ. ಎಕ್ಸೆಲ್‌ಗೆ ಆ ಫಂಕ್ಷನ್ ಗೊತ್ತಿಲ್ಲ, ಎರರ್ ಆಗುತ್ತದೆ, ಇಫ್‌ಎರರ್ ಹಳೆಯ ಉತ್ತರವನ್ನು ಮುಂದೆ ಇಡುತ್ತದೆ. ನೋಡುವವರಿಗೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ, ಆದರೆ ಮೂಲ ಸಂಖ್ಯೆ ಬದಲಾಯಿಸಿದರೂ ಉತ್ತರ ಅಲುಗುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ವ್ಯವಹಾರದಲ್ಲಿ ಅತಿ ಅಪಾಯಕಾರಿ ಸಂಗತಿ ಇದು. ಎಕ್ಸೆಲ್‌ನಲ್ಲಿ ಕಂಟ್ರೋಲ್ ಎಫ್ ಒತ್ತಿ, ಆಪ್ಷನ್ಸ್‌ನಲ್ಲಿ ವಿದಿನ್ ಎಂಬಲ್ಲಿ ವರ್ಕ್‌ಬುಕ್, ಲುಕ್ ಇನ್ ಎಂಬಲ್ಲಿ ಫಾರ್ಮುಲಾಸ್ ಇಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಡಮ್ಮಿಫಂಕ್ಷನ್ ಎಂದು ಹೊಡೆದು ಫೈಂಡ್ ಆಲ್ ಕೊಡಿ. ಪಟ್ಟಿಯಲ್ಲಿ ಬಂದ ಸೆಲ್‌ಗಳನ್ನು ಫಿಲ್ಟರ್, ಸಮ್‌ಇಫ್ಸ್, ಪಿವಟ್ ಟೇಬಲ್‌ಗಳಿಂದ ಮತ್ತೆ ಕಟ್ಟಬೇಕು. ಅಷ್ಟು ಕೆಲಸ ಬೇಡವಾದರೆ ಅವನ್ನು ಬರೀ ಉತ್ತರವಾಗಿ ಅಂಟಿಸಿ, ಯಾವ ದಿನದ ಉತ್ತರ ಎಂದು ಪಕ್ಕದಲ್ಲಿ ಬರೆದಿಡಿ.

ಮ್ಯಾಕ್ರೋಗಳ, ಅಂದರೆ ಕೆಲಸ ತಾನಾಗಿ ಮಾಡಿಸುವ ಪುಟ್ಟ ಪ್ರೋಗ್ರಾಂಗಳ ಆಸೆ ಬಿಡಿ. ಎಕ್ಸೆಲ್‌ನ ಮ್ಯಾಕ್ರೋ ಭಾಷೆ ವಿಬಿಎ ಶೀಟ್ಸ್‌ನಲ್ಲಿ ಓಡುವುದಿಲ್ಲ, ಶೀಟ್ಸ್‌ನ ಮ್ಯಾಕ್ರೋ ಭಾಷೆ ಆಪ್ಸ್ ಸ್ಕ್ರಿಪ್ಟ್ ಎಕ್ಸೆಲ್ ಫೈಲಿನ ಜೊತೆ ಬರುವುದಿಲ್ಲ.

ಮತ್ತೆ ಮೇಲೆ ಹಾಕುವಾಗ ಡ್ರೈವ್‌ಗೆ ಹೊಸ ಫೈಲಾಗಿ ಹಾಕಬೇಡಿ. ಹೊಸ ಫೈಲ್ ಎಂದರೆ ಹೊಸ ಲಿಂಕ್: ತಂಡದವರ ಅನುಮತಿಗಳು, ಗೂಗಲ್ ಫಾರ್ಮ್‌ನ ಜೋಡಣೆ, ಬೇರೆ ಫೈಲುಗಳ ಇಂಪೋರ್ಟ್‌ರೇಂಜ್ ಎಲ್ಲವೂ ಹಳೆಯದಕ್ಕೇ ಅಂಟಿಕೊಂಡಿರುತ್ತವೆ. ಮೂಲ ಶೀಟ್ಸ್ ಫೈಲನ್ನೇ ತೆರೆದು ಫೈಲ್ ಮೆನುವಿನ ಇಂಪೋರ್ಟ್‌ನಲ್ಲಿ ಇನ್ಸರ್ಟ್ ನ್ಯೂ ಶೀಟ್ಸ್ ಆರಿಸಿ. ಪಕ್ಕದ ರಿಪ್ಲೇಸ್ ಸ್ಪ್ರೆಡ್‌ಶೀಟ್ ಒತ್ತಿದರೆ ಇರುವ ಶೀಟ್‌ಗಳೆಲ್ಲ ಹೋಗುತ್ತವೆ. ಆಕಸ್ಮಾತ್ ಒತ್ತಿದ್ದರೆ ವರ್ಷನ್ ಹಿಸ್ಟರಿಯಿಂದ ಹಿಂದಕ್ಕೆ ತನ್ನಿ. ಹೊಸದಾಗಿ ಬಂದ ಶೀಟ್‌ನಿಂದ ಡೇಟಾ ಕಾಪಿ ಮಾಡಿ. ಹಳೆಯ ಡೇಟಾ ಶೀಟ್‌ನಲ್ಲಿ ಫಿಲ್ಟರ್ ತೆಗೆದು, ಕೈಯಿಂದ ತುಂಬಿದ ಕಾಲಂಗಳನ್ನಷ್ಟೇ ಖಾಲಿ ಮಾಡಿ (ಮಾಡದಿದ್ದರೆ ಹೊಸದರಲ್ಲಿ ಸಾಲು ಕಡಿಮೆಯಿದ್ದಾಗ ಹಳೆಯ ಸಾಲುಗಳು ಕೆಳಗೆ ಉಳಿದುಬಿಡುತ್ತವೆ), ಕಂಟ್ರೋಲ್ ಶಿಫ್ಟ್ ವಿ ಒತ್ತಿ ಮೌಲ್ಯ ಮಾತ್ರ ಅಂಟಿಸಿ. ಫಾರ್ಮುಲಾ ಇರುವ ಕಾಲಂಗಳನ್ನು ಮುಟ್ಟಬೇಡಿ.

ನೀವು ಎಕ್ಸೆಲ್‌ನಲ್ಲಿ ತಿದ್ದುತ್ತಿರುವಾಗ ಇತರರು ಮೇಲೆ ತುಂಬಿದ್ದನ್ನು ಯಾವ ಪ್ರೋಗ್ರಾಮೂ ತಾನಾಗಿ ಬೆಸೆಯುವುದಿಲ್ಲ. ಇಳಿಸುವ ಮೊದಲು ಡೇಟಾ ಮೆನುವಿನಲ್ಲಿ ಪ್ರೊಟೆಕ್ಟ್ ಶೀಟ್ಸ್ ಅಂಡ್ ರೇಂಜಸ್ ಮೂಲಕ ಆ ಶೀಟ್‌ಗೆ ಬೀಗ ಹಾಕಿ, ಅಂಟಿಸಿದ ಮೇಲೆ ತೆಗೆಯಿರಿ.

ಕೆಟ್ಟಿದೆಯೋ ಇಲ್ಲವೋ ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ. ಪ್ರತಿ ಮುಖ್ಯ ಕಾಲಂಗೆ ಸಮ್, ಕೌಂಟ್, ಕೌಂಟ್‌ಎ ಮೂರನ್ನೂ ಒಂದು ಬೇರೆ ಶೀಟ್‌ನಲ್ಲಿ ಹಾಕಿಡಿ, ಸಾಗಿಸುವ ಮುಂಚೆ ಮತ್ತು ನಂತರ ತಾಳೆ ನೋಡಿ. ಕೌಂಟ್ ಸಂಖ್ಯೆಗಳನ್ನಷ್ಟೇ ಎಣಿಸುತ್ತದೆ, ದಿನಾಂಕವೂ ಅದರಲ್ಲಿ ಸೇರುತ್ತದೆ. ಕೌಂಟ್‌ಎ ಖಾಲಿಯಲ್ಲದ್ದನ್ನೆಲ್ಲ ಎಣಿಸುತ್ತದೆ. ಕೌಂಟ್‌ಎ ಅಷ್ಟೇ ಇದ್ದು ಕೌಂಟ್ ಇಳಿದಿದ್ದರೆ ಸಂಖ್ಯೆಯೋ ದಿನಾಂಕವೋ ಪಠ್ಯವಾಗಿದೆ. ಕೋಡ್ ಕಾಲಂನಲ್ಲಿ ಕೌಂಟ್ ಏರಿದ್ದರೆ ಸೊನ್ನೆಗಳು ಹೋಗಿವೆ. ಎರಡೂ ಹಾಗೆಯೇ ಇದ್ದು ದಿನಾಂಕದ ಕಾಲಂನ ಸಮ್ ಬದಲಾಗಿದ್ದರೆ ದಿನ-ತಿಂಗಳು ತಿರುಗಿರುವ ಸಾಧ್ಯತೆಯೇ ಹೆಚ್ಚು.

ಇಷ್ಟೆಲ್ಲ ಓಡಾಟ ನಿತ್ಯದ ಕೆಲಸವಾಗಿದ್ದರೆ ಪರಿವರ್ತನೆಯನ್ನೇ ಬಿಡಿ ಎಂಬುದು ನನ್ನ ಸಲಹೆ. ಫೈಲನ್ನು ಎಕ್ಸ್‌ಎಲ್‌ಎಸ್‌ಎಕ್ಸ್ ಆಗಿಯೇ ಡ್ರೈವ್‌ನಲ್ಲಿಡಿ. ಬ್ರೌಸರ್‌ನಲ್ಲಿ ತೆರೆದರೆ ಶೀಟ್ಸ್ ಅದನ್ನು ಎಕ್ಸೆಲ್ ಫೈಲಾಗಿಯೇ ತಿದ್ದುತ್ತದೆ, ಡ್ರೈವ್ ಫಾರ್ ಡೆಸ್ಕ್‌ಟಾಪ್ (ಡ್ರೈವನ್ನು ಕಂಪ್ಯೂಟರ್‌ನಲ್ಲಿ ಫೋಲ್ಡರ್‌ನಂತೆ ತೋರಿಸುವ ಗೂಗಲ್ ಪ್ರೋಗ್ರಾಂ) ಇದ್ದರೆ ಅದೇ ಫೈಲನ್ನು ಕಂಪ್ಯೂಟರ್‌ನ ಎಕ್ಸೆಲ್‌ನಲ್ಲೂ ತೆರೆಯಬಹುದು. ಸೇವ್ ಆ್ಯಸ್ ಗೂಗಲ್ ಶೀಟ್ಸ್ ಒತ್ತಬೇಡಿ, ಒತ್ತಿದರೆ ಎರಡು ಫೈಲುಗಳಾಗುತ್ತವೆ. ಈ ದಾರಿಯಲ್ಲಿ ಆಪ್ಸ್ ಸ್ಕ್ರಿಪ್ಟ್ ಸಿಗುವುದಿಲ್ಲ. ಸ್ಕ್ರಿಪ್ಟ್, ಕ್ವೆರಿ, ಇಂಪೋರ್ಟ್‌ರೇಂಜ್ ಮೇಲೆ ನಿಂತ ಫೈಲಾದರೆ ಮೂಲ ಶೀಟ್ಸ್‌ನಲ್ಲೇ ಇರಲಿ, ಎಕ್ಸೆಲ್‌ಗೆ ಬರೀ ಓದುವ ಪ್ರತಿ ಹೋಗಲಿ. ಹಾಗೆಯೇ ಆ ಡ್ರೈವ್ ಫೋಲ್ಡರ್‌ನಲ್ಲಿ ಜಿಶೀಟ್ ಎಂಬ ಎಕ್ಸ್‌ಟೆನ್ಷನ್ ಇರುವ ಫೈಲ್ ಕಂಡರೆ ಅದನ್ನು ಬ್ಯಾಕಪ್ ಎಂದು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬೇಡಿ. ಅದರೊಳಗೆ ಡೇಟಾ ಇರುವುದಿಲ್ಲ, ಇರುವುದು ಆನ್‌ಲೈನ್ ಫೈಲಿನ ವಿಳಾಸ ಮಾತ್ರ.