‘ಡ್ರಾಕುಲಾ’ ಏಳನೇ ಅಧ್ಯಾಯದವರೆಗಾದರೂ ಓದಿ

ಮೊದಲ ನಾಲ್ಕು ಅಧ್ಯಾಯ ಒಂದೇ ಉಸಿರಿಗೆ ಓದಿದೆ, ಐದರಲ್ಲಿ ಹುಡುಗಿಯರ ಪತ್ರ ಶುರುವಾಗಿ ಸಪ್ಪೆಯಾಯಿತು, ಬ್ರಾಮ್ ಸ್ಟೋಕರ್ ಅವರ ‘ಡ್ರಾಕುಲಾ’ ಕಾದಂಬರಿ ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ನಾನೂ ಮೊದಲ ಸಲ ಅಲ್ಲೇ ನಿಲ್ಲಿಸಿದ್ದೆ.

ಏಳನೇ ಅಧ್ಯಾಯದಲ್ಲಿ ಬಿರುಗಾಳಿಗೆ ಸಿಕ್ಕ ಹಡಗೊಂದು ಇಂಗ್ಲೆಂಡಿನ ವಿಟ್ಬಿ ಬಂದರಿಗೆ ನುಗ್ಗುತ್ತದೆ. ಚುಕ್ಕಾಣಿಗೆ ಕೈ ಕಟ್ಟಿಕೊಂಡೇ ಸತ್ತಿರುವ ಕ್ಯಾಪ್ಟನ್ ಬಿಟ್ಟರೆ ಅದರಲ್ಲಿ ಒಬ್ಬ ನಾವಿಕನೂ ಇಲ್ಲ. ಆಮೇಲೆ ಅವನ ದಿನಚರಿ. ನಾವಿಕರು ಒಬ್ಬೊಬ್ಬರಾಗಿ ಕಾಣೆಯಾಗುತ್ತಾ ಹೋಗುತ್ತಾರೆ. ಅದರಲ್ಲಿ ಡ್ರಾಕುಲಾನ ಹೆಸರೇ ಬರುವುದಿಲ್ಲ, ಆದರೂ ಮೈ ಜುಮ್ಮೆನ್ನುತ್ತದೆ. ಸ್ಟೋಕರ್ 1890ರಲ್ಲಿ ವಿಟ್ಬಿಗೆ ಹೋಗಿದ್ದರು. ಅಲ್ಲಿ 1885ರಲ್ಲಿ ನಿಜವಾಗಿಯೂ ದಡಕ್ಕೆ ಬಡಿದಿದ್ದ ರಷ್ಯನ್ ಹಡಗಿನ ವಿವರ ಬರೆದಿಟ್ಟುಕೊಂಡು ಬಂದಿದ್ದರು.

ಆ ಪತ್ರಗಳೂ ಸುಮ್ನೆ ಬಂದಿಲ್ಲ. ಪತ್ರ ಬರೆಯುವ ಹುಡುಗಿಯರಲ್ಲಿ ಒಬ್ಬಳಾದ ಲೂಸಿ, ಒಂದೇ ದಿನ ಮೂವರು ಮದುವೆಗೆ ಕೇಳಿದರು ಅಂತ ಬೀಗುತ್ತಿರುತ್ತಾಳೆ. ಏನು ಬರುತ್ತಿದೆ ಅಂತ ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಭಯ ಇರುವುದೇ ಅಲ್ಲಿ, ಅಲ್ವಾ?

ಡ್ರಾಕುಲಾನ ಬೆನ್ನು ಹತ್ತುವ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಭಾಷಣಗಳು ಮಾತ್ರ ಜಾಸ್ತಿಯೇ ಆಯಿತು. ಅವನ್ನು ಕಣ್ಣಾಡಿಸಿ ದಾಟಿ, ಪಾಪವೇನೂ ಬರುವುದಿಲ್ಲ. ಕೊನೆಯ ಬೆನ್ನಟ್ಟುವ ಭಾಗ ಚುರುಕಾಗಿದೆ, ಮುಗಿಯುವುದು ಮಾತ್ರ ತೀರಾ ಥಟ್ಟಂತ.